ಎಲ್ಲರೂ ನನ್ನ ಮಕ್ಕಳೇ
(ಆಗಸ್ಟ್ 14 ಮತ್ತು 15ರ ಹಬ್ಬಗಳಿಗೊಂದು ಚಿಂತನೆ)



ಆಗಸ್ಟ್ ತಿಂಗಳ ನಡುವಿನ ಎರಡು ದಿನಗಳು ನಮಗೆ ಬಹಳ ದೊಡ್ಡ ದಿನಗಳು. 14ರಂದು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಸ್ಮರಣೆ. 15ರಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ. ಅದೇ ದಿನ ನಮ್ಮ ದೇಶದ ಸ್ವಾತಂತ್ರ್ಯ ದಿನ. ಬೆಳಗ್ಗೆ ಬಲಿಪೂಜೆ, ಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲಿ ಧ್ವಜಾರೋಹಣ, ಆಮೇಲೆ ಮಕ್ಕಳಿಗೆ ಸಿಹಿ. ನಮ್ಮ ಮಲೆನಾಡಿನಲ್ಲಿ ಆ ಒಂದು ಗಂಟೆ ಮಳೆ ಬಿಡುವು ಕೊಟ್ಟರೆ ಅದೇ ದೊಡ್ಡ ಭಾಗ್ಯ!

ಈ ಎಲ್ಲ ಆಚರಣೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಮಾತು ‘ಬಿಡುಗಡೆ’. ಬಿಡುಗಡೆಯ ಬೆಲೆ ಸೆರೆಯನ್ನು ಕಂಡವರಿಗೆ ಗೊತ್ತು. ಆದ್ದರಿಂದ ಈ ಸಲ ಯುದ್ಧಕಾಲದ ಸೆರೆಯಿಂದ ಬದುಕಿ ಬಂದ ಇಬ್ಬರು ಯೋಧರನ್ನು ನೆನೆಯೋಣ. ಒಬ್ಬರು ನಮ್ಮ ಕೊಡಗಿನವರು, ಇನ್ನೊಬ್ಬರು ದೂರದ ಪೋಲೆಂಡಿನವರು. ಇವರಿಬ್ಬರ ಕಥೆಗಳಲ್ಲಿಯೂ ‘ತಂದೆ’ ಎನಿಸಿಕೊಂಡ ಒಬ್ಬೊಬ್ಬರು ಬರುತ್ತಾರೆ. ಅವರಿಂದ ನಾವು ಕಲಿಯಬೇಕಾದದ್ದು ಬಹಳ ಇದೆ.

ಹೊಳೆಬಾಗಿಲಿನ ಒಂದು ಸಂಜೆ

ಅದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಶರಾವತಿಯ ಹಿನ್ನೀರು ಹರಡಿದ ಮೇಲೆ ತುಮರಿ ಕಡೆಯ ಊರುಗಳಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತೆಂಬುದು ಸಾಗರದ ಕಡೆಯವರಿಗೆಲ್ಲ ಗೊತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ದಡದಲ್ಲಿ ನಿಂತು ಕಾಯುವುದು ಆ ಭಾಗದ ಜನರ ಬದುಕೇ ಆಗಿತ್ತು.

ಸೇತುವೆ ಆಗುವುದಕ್ಕೆ ಕೆಲವು ವರ್ಷಗಳ ಹಿಂದೆ, ಒಂದು ಸಂಜೆ, ನಾವು ಆಚೆ ದಡದ ಒಂದು ಮನೆಗೆ ಊಟಕ್ಕೆಂದು ಹೊರಟಿದ್ದೆವು. ಅಂದಿನ ಕೊನೆಯ ಲಾಂಚು. ವಾಹನಗಳ ಸಾಲು ಉದ್ದವಾಗಿತ್ತು. ನಮ್ಮ ನಿಲುವಂಗಿಯನ್ನು ನೋಡಿ ಮುಂದಿನವರು, “ಫಾದರ್, ನೀವು ಮುಂದೆ ಹೋಗಿ” ಎಂದರು. ಒಬ್ಬರು ಹಿಂದೆ ಸರಿದರು, ಮತ್ತೊಬ್ಬರು ಸರಿದರು. ನಾವೂ ಸಂಕೋಚದ ನಗೆ ನಕ್ಕು ಜೀಪನ್ನು ಮುಂದಕ್ಕೆ ತಂದೆವು. ಲಾಂಚು ದಡ ಬಿಟ್ಟಾಗ ತಿರುಗಿ ನೋಡಿದರೆ, ನಮಗೆ ಜಾಗ ಬಿಟ್ಟುಕೊಟ್ಟವರಲ್ಲಿ ಒಬ್ಬರು ದಡದಲ್ಲೇ ಉಳಿದಿದ್ದರು. ಅವರ ಹೆಗಲ ಮೇಲೆ ಮಗುವೊಂದು ಮಲಗಿತ್ತು. ನಾವು ಹೋಗುತ್ತಿದ್ದದ್ದು ಊಟಕ್ಕೆ. ಅವರು ಹೋಗಬೇಕಾಗಿದ್ದದ್ದು ಮನೆಗೆ. ಅಂದು ರಾತ್ರಿಯ ಊಟ ನಮಗೆ ರುಚಿಸಲಿಲ್ಲ.

ಇದು ಸಣ್ಣ ಸಂಗತಿ ಎನ್ನಬಹುದು. ಆದರೆ ಬಡಿಸಿದ ಎಲೆಯ ಮುಂದೆ ಕುಳಿತಾಗ ನಮಗೆ ನೆನಪಾದದ್ದು ಎಂದೋ ಓದಿದ್ದ ಒಬ್ಬ ಮುದುಕರ ಕಥೆ. ತನ್ನ ಒಬ್ಬನೇ ಮಗನನ್ನು ಸಾಲಿನಿಂದ ಮುಂದಕ್ಕೆ ಕರೆತರುವ ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂದಾಗ ಬೇಡವೆಂದ ತಂದೆಯ ಕಥೆ.

ಸೆರೆ ನಮಗೆ ಅಪರಿಚಿತವಲ್ಲ

ಯುದ್ಧದ ಸೆರೆ ಎಂದರೆ ಎಲ್ಲೋ ದೂರದ ಮಾತು ಎಂದು ಎಣಿಸಬಾರದು. ಹೊಸನಗರ ತಾಲೂಕಿನ ನಗರದ ಕೋಟೆಯನ್ನು ನೀವು ನೋಡಿದ್ದೀರಿ. 1783ರಲ್ಲಿ ಅದು ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆಯ ವಶವಾಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ಅದನ್ನು ಮರಳಿ ಪಡೆದಾಗ, ಶರಣಾದ ಸೈನಿಕರು ಸೆರೆಯಾಳುಗಳಾಗಿ ಇದೇ ದಾರಿಗಳಲ್ಲಿ ನಡೆದರು. ಮರುವರ್ಷ 1784ರಲ್ಲಿ ಕೆನರಾ ಕರಾವಳಿಯ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರವರೆಗೆ ಬದುಕಿ ಉಳಿದವರು ತಮ್ಮ ಊರುಗಳಿಗೆ ಮರಳಿ, ಹಾಳುಬಿದ್ದ ಮನೆಗಳನ್ನೂ ದೇವಾಲಯಗಳನ್ನೂ ಮತ್ತೆ ಕಟ್ಟಿದರು. ಘಟ್ಟದ ಕೆಳಗಿನಿಂದ ಬಂದು ನಮ್ಮ ಧರ್ಮಕೇಂದ್ರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಈ ನೆನಪು ಇಂದಿಗೂ ಇದೆ. ಹಳೆಯ ಗಾಯವನ್ನು ಕೆದಕುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಸೆರೆಯಿಂದ ಮರಳಿದವರ ಮಕ್ಕಳು ನಾವು; ಸೆರೆಯಲ್ಲಿರುವವರ ಬಗ್ಗೆ ನಮ್ಮ ಮನಸ್ಸು ಕಲ್ಲಾಗಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ಮಡಿಕೇರಿಯ ತಂದೆ, ಲಾಹೋರ್ ಕಡೆಯ ಮಗ

1965ರ ಸೆಪ್ಟೆಂಬರ್ 22. ಭಾರತ–ಪಾಕಿಸ್ತಾನ ಯುದ್ಧದ ಕೊನೆಯ ದಿನ. ಕದನವಿರಾಮಕ್ಕೆ ಕೆಲವೇ ಗಂಟೆಗಳು ಉಳಿದಿದ್ದವು. ವಾಯುಪಡೆಯ 20ನೇ ಸ್ಕ್ವಾಡ್ರನ್ನಿನ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪನವರ ಹಂಟರ್ ವಿಮಾನಕ್ಕೆ ಶತ್ರುಗಳ ಗುಂಡು ತಗುಲಿ ಬೆಂಕಿ ಹತ್ತಿತು. ಅವರು ವಿಮಾನದಿಂದ ಹೊರಕ್ಕೆ ಚಿಮ್ಮಿ ನೆಲಕ್ಕೆ ಬಿದ್ದರು. ಬಿದ್ದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಯಿತು. ಸುತ್ತುವರಿದು ಬಂದವರು ಪಾಕಿಸ್ತಾನದ ಸೈನಿಕರು. ಅವರಿಗೆ ಆಗ ವಯಸ್ಸು 27.

ಅವರ ತಂದೆ ಯಾರೆಂಬುದು ನಿಮಗೆಲ್ಲ ಗೊತ್ತು. ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು; ಆ ದಿನವನ್ನೇ ನಾವು ಪ್ರತಿವರ್ಷ ಸೇನಾ ದಿನವೆಂದು ಆಚರಿಸುತ್ತೇವೆ. 1953ರಲ್ಲಿ ನಿವೃತ್ತರಾದ ಅವರು 1965ರಲ್ಲಿ ಮಡಿಕೇರಿಯ ತಮ್ಮ ‘ರೋಶನಾರ’ ಮನೆಯಲ್ಲಿದ್ದರು. ಅತ್ತ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಫೀಲ್ಡ್ ಮಾರ್ಷಲ್ ಅಯೂಬ್ ಖಾನ್. ದೇಶ ಇಬ್ಭಾಗವಾಗುವ ಮೊದಲು ಇಬ್ಬರೂ ಒಂದೇ ಸೇನೆಯಲ್ಲಿದ್ದವರು. ಹಿರಿಯ ಅಧಿಕಾರಿ ಕಾರ್ಯಪ್ಪನವರ ಮೇಲೆ ಅಯೂಬರಿಗೆ ಗೌರವವಿತ್ತು.

ಸೆರೆಸಿಕ್ಕ ಯುವಕ ಯಾರ ಮಗನೆಂಬುದು ತಿಳಿದಾಗ ಅಯೂಬರು ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ತಂದೆಗೆ ಸುದ್ದಿ ಕಳುಹಿಸಿದರು: ನಿಮ್ಮ ಮಗ ಕ್ಷೇಮವಾಗಿದ್ದಾನೆ, ನೀವು ಬಯಸಿದರೆ ಬಿಡುಗಡೆ ಮಾಡುತ್ತೇವೆ. ಯಾವ ತಂದೆಯ ಹೃದಯ ತಾನೆ ಕರಗದು? ಆದರೆ ಆ ತಂದೆ ಕೊಟ್ಟ ಉತ್ತರವನ್ನು ಮಗನೇ ಮುಂದೆ ಲೋಕಕ್ಕೆ ತಿಳಿಸಿದ್ದಾರೆ. ಬೇರೆ ಭಾರತೀಯ ಸೈನಿಕರಿಗಾಗಿ ಕೇಳಲಾಗದ್ದನ್ನು ತನ್ನ ಮಗನಿಗಾಗಿ ತಾನು ಕೇಳುವುದಿಲ್ಲ, ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬುದು ಆ ಉತ್ತರದ ಸಾರ.

ಮಗ ಸೆರೆಯಲ್ಲೇ ಉಳಿದರು. ಆಸ್ಪತ್ರೆ, ಒಂಟಿ ಕೋಣೆ, ಆಮೇಲೆ ಇತರ ಭಾರತೀಯ ಸೆರೆಯಾಳುಗಳ ಜೊತೆ ಶಿಬಿರ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಗಿ, ಎರಡೂ ಕಡೆಯ ಸೆರೆಯಾಳುಗಳನ್ನು ಮರಳಿಸುವುದೆಂದು ತೀರ್ಮಾನವಾಯಿತು. ಅದೇ ತಿಂಗಳು, ಸುಮಾರು ನಾಲ್ಕು ತಿಂಗಳ ಸೆರೆಯ ನಂತರ, ಅವರು ತಮ್ಮ ಸಂಗಾತಿಗಳೊಂದಿಗೆ ತಾಯ್ನಾಡಿಗೆ ಮರಳಿದರು. ಗಮನಿಸಿರಿ: ಸಂಗಾತಿಗಳಿಗಿಂತ ಮುಂಚೆ ಅಲ್ಲ, ಸಂಗಾತಿಗಳೊಂದಿಗೆ. ಆಮೇಲೂ ವಾಯುಪಡೆಯಲ್ಲೇ ಸೇವೆ ಮುಂದುವರಿಸಿ ಏರ್ ಮಾರ್ಷಲ್ ಪದವಿಗೇರಿ ನಿವೃತ್ತರಾದರು; ತಂದೆಯ ಜೀವನಚರಿತ್ರೆಯನ್ನೂ ಬರೆದರು. ತನ್ನನ್ನು ಬಿಡಿಸಿಕೊಳ್ಳಲಿಲ್ಲವೆಂದು ತಂದೆಯ ಮೇಲೆ ಮುನಿದ ಮಗನ ಕೆಲಸವಲ್ಲ ಅದು.

ಒಂದು ದಿನದಲ್ಲಿ ಹುಟ್ಟಿದ ಉತ್ತರವಲ್ಲ

ಇಂತಹ ಉತ್ತರ ಕಷ್ಟದ ಗಳಿಗೆಯಲ್ಲಿ ಥಟ್ಟನೆ ನಾಲಿಗೆಗೆ ಬರುವುದಿಲ್ಲ. ಮಗನೇ ಹೇಳಿಕೊಂಡಿರುವ ಇನ್ನೊಂದು ಪ್ರಸಂಗವನ್ನು ಕೇಳಿರಿ. ತಂದೆ ಸೇನೆಯ ಮುಖ್ಯಸ್ಥರಾಗಿದ್ದಾಗ ಅವರೂ ಅವರ ತಂಗಿಯೂ ದೆಹಲಿಯ ಜೀಸಸ್ ಅಂಡ್ ಮೇರಿ ಕಾನ್ವೆಂಟಿನಲ್ಲಿ ಓದುತ್ತಿದ್ದರು. ಇತರ ಸೈನಿಕರ ಮಕ್ಕಳ ಜೊತೆ ಸೇನೆಯ ಟ್ರಕ್ಕಿನಲ್ಲೇ ಶಾಲೆಗೆ ಹೋಗಿಬರುತ್ತಿದ್ದರು. ಒಂದು ದಿನ ಟ್ರಕ್ಕು ಬರಲಿಲ್ಲ. ತಂದೆಯ ಸಹಾಯಕ ಅಧಿಕಾರಿಯೊಬ್ಬರು ಸರಕಾರಿ ಕಾರು ಕಳುಹಿಸಿ ಮಕ್ಕಳನ್ನು ಮನೆಗೆ ಕರೆತಂದರು. ಕೆಲವು ದಿನಗಳ ಮೇಲೆ ತಿಂಡಿಯ ಹೊತ್ತಿನಲ್ಲಿ ಮಗ ಬಾಯಿತಪ್ಪಿ ಇದನ್ನು ಹೇಳಿದಾಗ ತಂದೆ ಕೆಂಡಾಮಂಡಲವಾದರು. ಆ ಓಡಾಟದ ಖರ್ಚನ್ನು ತಮ್ಮ ಸ್ವಂತ ಲೆಕ್ಕದಿಂದ ಕಟ್ಟುವಂತೆ ಆಜ್ಞೆ ಮಾಡಿದರು.

ಇದನ್ನು ಓದುವಾಗ ‘ಇಷ್ಟೊಂದು ಕಟ್ಟುನಿಟ್ಟು ಯಾಕೆ?’ ಎನಿಸುತ್ತದೆ. ಆದರೆ ಕಾರಿನ ಲೆಕ್ಕದಲ್ಲಿ ಮಗನನ್ನು ಇತರ ಮಕ್ಕಳ ಸಾಲಿನಲ್ಲೇ ನಿಲ್ಲಿಸಿದ ತಂದೆಗೆ ಮಾತ್ರ 1965ರಲ್ಲಿ ಆ ಉತ್ತರ ಕೊಡಲು ಸಾಧ್ಯವಾಯಿತು. ಸಣ್ಣದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲಿಯೂ ನಂಬಿಗಸ್ತನಾಗಿರುವನೆಂದು ಪ್ರಭು ಕಲಿಸಿದ್ದು ಇದನ್ನೇ ಅಲ್ಲವೇ? 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯ ಗೌರವ ಪಡೆದ ಆ ಹಿರಿಯರು 1993ರ ಮೇ 15ರಂದು, 94ರ ತುಂಬು ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕ್ರೈಸ್ತರಲ್ಲ. ಆದರೆ ಎಲ್ಲರನ್ನೂ ಮಕ್ಕಳೆಂದು ಕಾಣುವ ಮನಸ್ಸು ಎಲ್ಲಿದ್ದರೂ ಅದು ದೇವರ ಕೊಡುಗೆಯೇ.

ಸೆರೆಯಾಳಿಗೂ ಹಕ್ಕುಂಟು

ಇಲ್ಲಿ ನಮ್ಮ ಯುವಜನರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಯುದ್ಧದಲ್ಲಿ ಸೆರೆಸಿಕ್ಕವನು ಅಪರಾಧಿಯಲ್ಲ. 1949ರ ಮೂರನೆಯ ಜಿನೀವಾ ಒಪ್ಪಂದದ ಪ್ರಕಾರ ಅವನು ತನ್ನ ಹೆಸರು, ದರ್ಜೆ, ಹುಟ್ಟಿದ ದಿನಾಂಕ, ಸೇನಾ ಸಂಖ್ಯೆ, ಇಷ್ಟನ್ನು ಮಾತ್ರ ಹೇಳಿದರೆ ಸಾಕು. ಅವನನ್ನು ಹಿಂಸಿಸುವಂತಿಲ್ಲ, ಅವಮಾನಿಸುವಂತಿಲ್ಲ. ಮನೆಗೆ ಪತ್ರ ಬರೆಯಲು, ತನ್ನ ಧರ್ಮದಂತೆ ಪ್ರಾರ್ಥಿಸಲು ಅವನಿಗೆ ಹಕ್ಕುಂಟು. ಸೈನ್ಯದ ಗುರುಗಳು ಸೆರೆಸಿಕ್ಕರೆ ಸಹಸೆರೆಯಾಳುಗಳಿಗೆ ಸಂಸ್ಕಾರಗಳನ್ನು ನೀಡಲು ಅವರಿಗೆ ಅವಕಾಶವಿರಬೇಕು. ಕಾದಾಟ ನಿಂತ ಮೇಲೆ ತಡಮಾಡದೆ ಎಲ್ಲರನ್ನೂ ಊರಿಗೆ ಕಳುಹಿಸಬೇಕು. ‘ಎಲ್ಲರನ್ನೂ’ ಎಂಬ ಮಾತನ್ನು ಮರೆಯಬೇಡಿ. ದೊಡ್ಡವರ ಮಕ್ಕಳಿಗೊಂದು, ಬಡವರ ಮಕ್ಕಳಿಗೊಂದು ಎಂಬ ಭೇದ ಅಲ್ಲಿಲ್ಲ.

ಆದರೂ ಎಲ್ಲರೂ ಮರಳಿ ಬರುವುದಿಲ್ಲ. 1971ರ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಮ್ಮ ದೇಶ ನಂಬಿದ್ದ 50ಕ್ಕೂ ಹೆಚ್ಚು ಯೋಧರ ಗತಿ ಏನಾಯಿತೆಂಬುದು ಅವರ ಮನೆಯವರಿಗೆ ತಿಳಿಯಲೇ ಇಲ್ಲ. ಅಂಥವರು ತನ್ನಲ್ಲಿಲ್ಲವೆಂದು ಆ ದೇಶ ಹೇಳುತ್ತ ಬಂದಿದೆ. ಸತ್ತನೆಂದು ಅಳಲೂ ಆಗದೆ, ಬರುವನೆಂದು ನಂಬಲೂ ಆಗದೆ ಬಾಗಿಲ ಕಡೆಗೇ ನೋಡುತ್ತ ಮುಪ್ಪಾದ ತಾಯಂದಿರನ್ನು ನೆನೆಯಿರಿ. ಮಡಿಕೇರಿಯ ತಂದೆ ‘ಎಲ್ಲರೂ’ ಎಂದಾಗ ಅದರೊಳಗೆ ಇಂತಹ ತಾಯಂದಿರ ಮಕ್ಕಳಿಗೂ ಜಾಗವಿತ್ತು.

ಸಾಲು ಬಿಟ್ಟು ಮುಂದೆ ಬಂದ ಫಾದರ್

ಈಗ ಪೋಲೆಂಡಿಗೆ ಹೋಗೋಣ. ಫ್ರಾಂಚಿಷೆಕ್ ಗಯೋವ್ನಿಚೆಕ್ ಪೋಲೆಂಡ್ ಸೇನೆಯ ಸಾರ್ಜೆಂಟ್. 1939ರಲ್ಲಿ ಜರ್ಮನರ ವಿರುದ್ಧ ಹೋರಾಡಿ, ಆಮೇಲೆ ಸಿಕ್ಕಿಬಿದ್ದು, 1940ರಲ್ಲಿ ಆಶ್ವಿಟ್ಜ್ ಯಾತನಾ ಶಿಬಿರವನ್ನು ಸೇರಿದವರು. 1941ರ ಜುಲೈ ಕೊನೆಯಲ್ಲಿ ಆ ಶಿಬಿರದಿಂದ ಒಬ್ಬ ಸೆರೆಯಾಳು ಕಾಣೆಯಾದ. ಅದಕ್ಕೆ ಪ್ರತಿಯಾಗಿ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಅಧಿಕಾರಿ ಆರಿಸಿದ. ಸಾಲಾಗಿ ನಿಂತಿದ್ದವರ ಮುಂದೆ ನಡೆಯುತ್ತ ಒಬ್ಬೊಬ್ಬರನ್ನೇ ಬೆರಳು ತೋರಿಸಿ ಎಳೆಸಿದ. ಆ ಹತ್ತರಲ್ಲಿ ಗಯೋವ್ನಿಚೆಕ್ ಒಬ್ಬರು. ಹೆಂಡತಿ ಮಕ್ಕಳನ್ನು ನೆನೆದು ಅವರು ಗೋಳಾಡಿದರು.

ಆಗ ಸಾಲಿನಿಂದ ಒಬ್ಬರು ಮುಂದೆ ಬಂದರು. ಫ್ರಾನ್ಸಿಸ್ಕನ್ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ, ಸೆರೆಯಾಳು ಸಂಖ್ಯೆ 16670. ತಾನು ಕಥೋಲಿಕ ಗುರು, ಆ ಮನುಷ್ಯನಿಗೆ ಹೆಂಡತಿ ಮಕ್ಕಳಿದ್ದಾರೆ, ಅವನ ಬದಲಿಗೆ ತನ್ನನ್ನು ಕಳುಹಿಸಿರಿ ಎಂದು ಕೇಳಿಕೊಂಡರು. ಅಧಿಕಾರಿ ಒಪ್ಪಿದ. ಅನ್ನ ನೀರಿಲ್ಲದ ನೆಲಮಾಳಿಗೆಯಲ್ಲಿ ಅವರು ಪ್ರಾರ್ಥಿಸುತ್ತ, ಸಾಯುತ್ತಿದ್ದವರಿಗೆ ಧೈರ್ಯ ಹೇಳುತ್ತ ಎರಡು ವಾರ ಬದುಕಿದರು. ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಅವರನ್ನು ಕೊಂದರು. ಮರುದಿನ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದೇ, ಅವರ ದೇಹವನ್ನು ಸುಡಲಾಯಿತು. ಬದುಕೆಲ್ಲ ಆ ಮಾತೆಯ ಸೇವೆಗೆ ಮುಡಿಪಾಗಿದ್ದ ಗುರು ಅವರು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಆದರೆ ಗಯೋವ್ನಿಚೆಕ್ 1945ರಲ್ಲಿ ಬಿಡುಗಡೆಯಾಗಿ ಬಂದಾಗ ಪತ್ನಿ ಬದುಕಿದ್ದರು. ಇಬ್ಬರು ಗಂಡುಮಕ್ಕಳು ಇರಲಿಲ್ಲ. ಯುದ್ಧದ ಕೊನೆಯ ತಿಂಗಳುಗಳಲ್ಲಿ ನಡೆದ ದಾಳಿಯಲ್ಲಿ ಅವರು ಸತ್ತಿದ್ದರು. ಯಾವ ಮಕ್ಕಳಿಗಾಗಿ ತನ್ನ ಜೀವ ಉಳಿಯಿತೋ ಆ ಮಕ್ಕಳೇ ಇಲ್ಲ! ಹಾಗಾದರೆ ಕೋಲ್ಬೆಯವರ ಬಲಿದಾನ ವ್ಯರ್ಥವಾಯಿತೇ? ಮಗನನ್ನೋ ಮಗಳನ್ನೋ ಕಳೆದುಕೊಂಡ ನಮ್ಮ ಧರ್ಮಕೇಂದ್ರದ ಎಷ್ಟೋ ತಂದೆ ತಾಯಂದಿರು ಇದೇ ಬಗೆಯ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿದ್ದಾರೆ. ಬಾಯಿಪಾಠದ ಉತ್ತರ ಅದಕ್ಕಿಲ್ಲ.

ಗಯೋವ್ನಿಚೆಕ್ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು. ಮುಂದೆ ಸುಮಾರು ಐವತ್ತು ವರ್ಷ ಅವರು ಬದುಕಿದರು. ತನಗಾಗಿ ಒಬ್ಬರು ಸತ್ತರೆಂಬುದನ್ನು ಊರೂರಿಗೆ ಹೋಗಿ ಹೇಳಿದರು. 1971ರಲ್ಲಿ ಕೋಲ್ಬೆಯವರನ್ನು ಪುನೀತರೆಂದು ಸಾರಿದಾಗಲೂ, 1982ರ ಅಕ್ಟೋಬರ್ 10ರಂದು ಪೋಪ್ ಎರಡನೇ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದಾಗಲೂ ರೋಮಿನಲ್ಲಿ ಈ ಮುದುಕರು ಇದ್ದರು. 1995ರ ಮಾರ್ಚ್ 13ರಂದು 93ನೇ ವಯಸ್ಸಿನಲ್ಲಿ ತೀರಿಕೊಂಡರು. ಉಳಿದ ಆಯುಷ್ಯ ತನ್ನದಲ್ಲ, ಕೊಡುಗೆಯಾಗಿ ಬಂದದ್ದು ಎಂಬಂತೆ ಬದುಕಿದರು. ಸತ್ತ ಮಕ್ಕಳು ಮರಳಿ ಬರಲಿಲ್ಲ. ಆದರೆ ಆ ಬಲಿದಾನದ ಮಾತನ್ನು ಕೇಳಿದ ಸಾವಿರಾರು ಮಕ್ಕಳು ಅವರಿಗೆ ಸಿಕ್ಕರು.

ಶಿಲುಬೆಯ ಕೆಳಗೆ ನಿಂತ ತಾಯಿ

ಪ್ರಿಯರೇ, ಈ ಇಬ್ಬರು ತಂದೆಯರು ಮಾಡಿದ್ದು ಬೇರೆ ಬೇರೆ ಎನಿಸಬಹುದು. ಒಬ್ಬರು ತನ್ನ ಮಗನನ್ನು ಸಾಲಿನಿಂದ ಮುಂದೆ ತರಲಿಲ್ಲ. ಇನ್ನೊಬ್ಬರು ತಾನೇ ಸಾಲು ಬಿಟ್ಟು ಮುಂದೆ ಬಂದರು. ಆದರೆ ಒಳಗಿನ ಮನಸ್ಸು ಒಂದೇ. ನನ್ನವರಿಗೆ ಮೊದಲು ಎಂಬುದನ್ನು ಇಬ್ಬರೂ ಬಿಟ್ಟರು. ಮಕ್ಕಳಿಲ್ಲದ ಫಾದರ್ ಆ ಗಳಿಗೆಯಲ್ಲಿ ನಿಜವಾದ ತಂದೆಯಾದರು. ಒಬ್ಬ ಮಗನ ತಂದೆ ಆ ಗಳಿಗೆಯಲ್ಲಿ ಎಲ್ಲ ಸೆರೆಯಾಳುಗಳ ತಂದೆಯಾದರು. ದೇವರು ತನ್ನ ಸ್ವಂತ ಪುತ್ರನನ್ನೂ ಉಳಿಸಿಕೊಳ್ಳದೆ ನಮ್ಮೆಲ್ಲರಿಗಾಗಿ ಒಪ್ಪಿಸಿದರೆಂದು ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದದ್ದರ ನೆರಳು ಇಲ್ಲಿದೆ.

ಮಾತೆ ಮರಿಯಮ್ಮನವರನ್ನು ನೋಡಿರಿ. ಶಿಲುಬೆಯ ಕೆಳಗೆ ನಿಂತ ಆ ತಾಯಿ, ನನ್ನ ಮಗನನ್ನು ಮಾತ್ರ ಇಳಿಸಿ ಕೊಡಿ ಎಂದು ಯಾರ ಕಾಲನ್ನೂ ಹಿಡಿಯಲಿಲ್ಲ. ನಿಂತರು, ಅಷ್ಟೇ. ಆಗ ಪ್ರಭು ತನ್ನ ಶಿಷ್ಯನನ್ನು ಆಕೆಗೆ ಮಗನಾಗಿ ಕೊಟ್ಟರು. ಆ ಶಿಷ್ಯನಲ್ಲಿ ನಮ್ಮೆಲ್ಲರನ್ನೂ ಕೊಟ್ಟರು. ಒಬ್ಬನೇ ಮಗನ ತಾಯಿ ಲೋಕಕ್ಕೆಲ್ಲ ತಾಯಿಯಾದರು. ಈ ಹಬ್ಬದಲ್ಲಿ ಆಕೆಯ ದೇಹವನ್ನೂ ಆತ್ಮವನ್ನೂ ದೇವರು ಸ್ವರ್ಗಕ್ಕೆ ಸ್ವೀಕರಿಸಿದ್ದನ್ನು ಆಚರಿಸುವಾಗ, ಅದನ್ನು ಆಕೆಗೆ ಮಾತ್ರ ಸಿಕ್ಕ ವಿಶೇಷ ಸವಲತ್ತೆಂದು ತಿಳಿಯಬಾರದು. ಆಕೆ ಮುಂದೆ ಹೋಗಿದ್ದಾರೆ, ನಮ್ಮನ್ನು ದಡದಲ್ಲಿ ಬಿಟ್ಟು ಅಲ್ಲ. ಆಕೆಯಲ್ಲಿ ಈಗಾಗಲೇ ನೆರವೇರಿರುವುದು ಕೊನೆಯ ದಿನ ನಮ್ಮಲ್ಲಿಯೂ ನೆರವೇರಲಿದೆ ಎಂಬುದೇ ಧರ್ಮಸಭೆಯ ನಂಬಿಕೆ.

ನಮ್ಮ ಮನೆಗಳಲ್ಲಿ

ನಮ್ಮ ಕಚೇರಿಗೆ ಬರುವವರಲ್ಲಿ ಅನೇಕರು ಕೇಳುವುದು ಒಂದೇ: “ಫಾದರ್, ಮಗನಿಗೊಂದು ಶಿಫಾರಸು ಪತ್ರ ಕೊಡಿ.” ಮಕ್ಕಳ ಒಳ್ಳೆಯದನ್ನು ಬಯಸುವುದು ಪಾಪವಲ್ಲ. ನಾವೂ ಇಂತಹ ಎಷ್ಟೋ ಪತ್ರಗಳನ್ನು ಬರೆದಿದ್ದೇವೆ. ಆದರೆ ಆ ಪತ್ರದಿಂದ ಹಿಂದೆ ಸರಿದ ಮಗು ಯಾರದ್ದೆಂದು ಒಮ್ಮೆಯೂ ವಿಚಾರಿಸಿಲ್ಲ. ಇನ್ನು ಮುಂದೆ ಪತ್ರ ಬರೆಯುವ ಮುನ್ನ, ಕೇಳುವವರೇ ಇಲ್ಲದ ಮಗು ಯಾವುದೆಂದು ಮೊದಲು ಹುಡುಕುತ್ತೇವೆಂದು ಈ ಹಬ್ಬದಂದು ನಿಶ್ಚಯಿಸಿದ್ದೇವೆ. ನೀವೂ ನಮ್ಮನ್ನು ಎಚ್ಚರಿಸುತ್ತಿರಬೇಕು.

ನಿಮ್ಮ ನೆರೆಹೊರೆಯಲ್ಲಿ ಮಾಜಿ ಸೈನಿಕರಿದ್ದರೆ ಈ ಆಗಸ್ಟ್ 15ರಂದು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿಬನ್ನಿರಿ. ಅವರ ಮಾತಿಗೆ ಕಿವಿಗೊಡಿರಿ. ಅವರು ಹೇಳಲಾರದ್ದನ್ನು ಕೆದಕಬೇಡಿರಿ. ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದು. ಸೆರೆಯಿಂದ ಬಂದವರ ಬಳಿ ಕುಳಿತುಕೊಳ್ಳುವುದೂ ಅದೇ ಕಾರ್ಯ. ರಾತ್ರಿಯ ಜಪಸರದಲ್ಲಿ ಕಾಣೆಯಾದ ಯೋಧರಿಗಾಗಿಯೂ, ಅವರನ್ನು ಕಾಯುತ್ತ ಹೋದ ತಾಯಂದಿರಿಗಾಗಿಯೂ ಒಂದು ರಹಸ್ಯವನ್ನು ಅರ್ಪಿಸಿರಿ. ಗಡಿಯ ಆಚೆಗೂ ಅಂತಹ ತಾಯಂದಿರಿದ್ದಾರೆ, ಅವರನ್ನೂ ಮರೆಯಬೇಡಿರಿ.

ಹೊಳೆಬಾಗಿಲಿನಲ್ಲಿ ಈಗ ಸೇತುವೆ ಇದೆ. ಅಲ್ಲಿ ಯಾರೂ ಯಾರಿಗೂ ಜಾಗ ಬಿಟ್ಟು ದಡದಲ್ಲಿ ಉಳಿಯಬೇಕಾಗಿಲ್ಲ. ಆದರೆ ಆಸ್ಪತ್ರೆಯಲ್ಲಿ, ಪಡಿತರದ ಅಂಗಡಿಯಲ್ಲಿ, ಶಾಲೆಯಲ್ಲಿ, ನಮ್ಮ ದೇವಾಲಯದಲ್ಲೂ ಸಾಲುಗಳು ಇದ್ದೇ ಇವೆ. ಅಲ್ಲಿ ನಿಂತಾಗ ನಮ್ಮ ಹಿಂದೆ ಇರುವವರನ್ನು ಒಮ್ಮೆ ತಿರುಗಿ ನೋಡೋಣ.

ಪ್ರಾರ್ಥಿಸೋಣ: ಪ್ರಭುವೇ, ಸೆರೆಯಲ್ಲಿರುವವರನ್ನು ನೆನೆದುಕೊಳ್ಳಿರಿ. ಮರಳಿ ಬಂದವರಿಗೆ ಶಾಂತಿಯನ್ನೂ, ಮರಳದವರ ಮನೆಗಳಿಗೆ ಸಾಂತ್ವನವನ್ನೂ ನೀಡಿರಿ. ನಮ್ಮ ಮಕ್ಕಳನ್ನು ಪ್ರೀತಿಸುವಷ್ಟೇ ಪ್ರೀತಿಯಿಂದ ಇತರರ ಮಕ್ಕಳನ್ನು ಕಾಣುವ ಹೃದಯವನ್ನು ನಮಗೆ ದಯಪಾಲಿಸಿರಿ. ಸ್ವರ್ಗಕ್ಕೆ ಸ್ವೀಕೃತರಾದ ಮಾತೆ ಮರಿಯಮ್ಮನವರೇ, ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.